ಎಲೆ ಆಮೇಲೆ, ಮೊದಲು ಗೆಣ್ಣು: ಸೊಪ್ಪಿನ ಬೆಟ್ಟದಲ್ಲಿ ಗಿಡ ಗುರುತಿಸುವ ಬಗೆ

ಗಿಡ ಗುರುತಿಸಲು ಕಲಿಯಬೇಕು ಅಂತ ಹೊರಟವರು ಹೆಚ್ಚಾಗಿ ಹೂವಿನಿಂದ ಶುರು ಮಾಡುತ್ತಾರೆ. ಹೂವು ಬೇಗ ಕಣ್ಣಿಗೆ ಬೀಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಸರಿ. ಆದರೆ ನಮ್ಮ ಮಲೆನಾಡಿನ ಮರಗಳು ವರ್ಷದಲ್ಲಿ ಕೆಲವೇ ವಾರ ಹೂ ಬಿಡುತ್ತವೆ. ಅದೂ ತೆಂಗಿನ ಮರದಷ್ಟು ಎತ್ತರದಲ್ಲಿ. ಉಳಿದ ಕಾಲವೆಲ್ಲ ಸುಮ್ನೆ ಸೊಪ್ಪು ಹೊತ್ತು ನಿಂತಿರುತ್ತವೆ. ಹೂವಿಗೆ ಕಾಯುತ್ತ ಕೂತರೆ ಕಲಿಯುವ ಹೊತ್ತಿಗೆ ತಲೆ ನರೆತಿರುತ್ತದೆ. ಸೊಪ್ಪಿನಿಂದಲೇ ಕಲಿಯಬಹುದು. ಸರಿಯಾಗಿ ಹೇಳುವುದಾದರೆ, ಸೊಪ್ಪು ಕೊಂಬೆಗೆ ಕೂಡುವ ಜಾಗದಿಂದ. ಕಬ್ಬಿನಲ್ಲಿ, ಬಿದಿರಿನಲ್ಲಿ ಗೆಣ್ಣು ಅನ್ನುತ್ತೇವಲ್ಲ, ಎಲೆ ಬಿಡುವ ಪ್ರತಿ ಗಿಡಕ್ಕೂ ಆ ಗೆಣ್ಣು ಇದೆ. ಮೊದಲ ಆರು ತಿಂಗಳು ನೋಡಬೇಕಾದದ್ದು ಅದನ್ನೇ.

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಬಿಕಾಂ ಮುಗಿಸಿ ಸಿದ್ದಾಪುರ ತಾಲೂಕಿನ ಒಂದು ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದವಳು. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: ತೋಟಕ್ಕೆ ಗೊಬ್ಬರದ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು (ಉದುರಿದ ಒಣ ಎಲೆ) ತರಲು ತೋಟದವರಿಗೆ ಹಿಂದಿನಿಂದಲೂ ಬಿಟ್ಟಿರುವ ಕಾಡು ಅದು. ಭೂಮಿ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದ್ದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಂಬೆ ಸವರುವುದರಿಂದ ಚಿಗುರು ಕೈಗೆ ಎಟಕುವಷ್ಟು ಕೆಳಗೇ ಸಿಗುತ್ತದೆ. ಸಿಗುವ ಮರಗಳೂ ಹೆಚ್ಚಿನವು ಇಲ್ಲಿಯವೇ: ಮತ್ತಿ, ಕಿಂದಾಲ, ನಂದಿ, ಹೊನ್ನೆ, ಜಂಬೆ, ಕವಲು, ಸಳ್ಳೆ, ನೇರಳೆ, ಮುರುಗಲು, ಉಪ್ಪಾಗೆ. ನಿಮಗೆ ಬೆಟ್ಟ ಇಲ್ಲದಿದ್ದರೆ ಊರಿನ ದೇವರ ಕಾಡು ಆಗುತ್ತದೆ, ಕೆರೆ ಏರಿ ಆಗುತ್ತದೆ, ಬೆಂಗಳೂರಿನವರಿಗೆ ಲಾಲ್‌ಬಾಗ್ ಆಗುತ್ತದೆ. ಜಾಗ ಮಾತ್ರ ಒಂದೇ ಇರಲಿ. ಹತ್ತು ಕಡೆ ಒಮ್ಮೊಮ್ಮೆ ಹೋಗುವುದಕ್ಕಿಂತ ಒಂದೇ ಕಡೆ ವರ್ಷವಿಡೀ ಹೋದರೆ ಲಾಭ ಜಾಸ್ತಿ. ಅದೇ ಮರ ಚಿಗುರಿದ್ದು, ಹೂ ಬಿಟ್ಟದ್ದು, ಕಾಯಿ ಉದುರಿಸಿದ್ದು, ಬೋಳಾದದ್ದು ಎಲ್ಲ ನೋಡಲು ಸಿಗುತ್ತದೆ.

ಕೈಯಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಹ್ಯಾಂಡ್ ಲೆನ್ಸ್. ಚಿನ್ನದ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಬಳಸುವ ಕ್ರಮ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಲೆನ್ಸನ್ನು ಕಣ್ಣಿಗೆ ತಾಗಿಸಿಯೇ ಹಿಡಿಯಬೇಕು. ಆಮೇಲೆ ಎಲೆಯನ್ನು ಲೆನ್ಸಿನ ಹತ್ತಿರ ತರಬೇಕು. ಪೇಪರ್ ಓದುವ ಭೂತಗನ್ನಡಿಯನ್ನು ಹಿಡಿದಂತೆ ದೂರ ಹಿಡಿದರೆ ಏನೂ ಕಾಣುವುದಿಲ್ಲ.

ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ನು ಮಳೆಗೆ ಅಳಿಸಿಹೋಗುತ್ತದೆ), ಚಿಕ್ಕ ಚಾಕು, ಒಂದೆರಡು ಹಾಳೆ ಬಿಳಿ ಕಾಗದ. ಮಳೆಗಾಲಕ್ಕೆ ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ತಂಬಾಕು. ಇಷ್ಟು ಸಾಕು.

ಇದಕ್ಕಿಂತ ಮುಖ್ಯವಾಗಿ, ಗಿಡ ಗೊತ್ತಿರುವ ಒಬ್ಬರು ಜೊತೆಗೆ ಬೇಕು. ಡಿಗ್ರಿ ಬೇಡ. ನನಗೆ ಕಲಿಸಿದವರು ನಮ್ಮಲ್ಲಿ ಸೊಪ್ಪು ಹೊರಲು ಬರುತ್ತಿದ್ದ ಒಬ್ಬ ಅಕ್ಕ. ಅವರು ಮರದ ಕಡೆ ತಲೆ ಎತ್ತುವುದೇ ಅಪರೂಪ. ದರಕು ಗುಡಿಸುವಾಗ ನೆಲದ ಮೇಲಿನ ಒಣ ಎಲೆ ನೋಡಿಯೇ ಮೇಲೆ ಯಾವ ಮರ ಇದೆ ಅಂತ ಹೇಳಿಬಿಡುತ್ತಿದ್ದರು. "ಇದು ಕವಲು ಅಂತ ಹೇಗೆ ಗೊತ್ತಾಯ್ತು ಅಕ್ಕಾ?" ಅಂದರೆ, "ಅಂಚು ಮುಟ್ಟಿ ನೋಡಿ ಅಮ್ಮಾ" ಅನ್ನುವುದು. ಹೌದು, ಕವಲಿನ ಎಲೆಯ ಅಂಚಿಗೆ ಸಣ್ಣ ಸಣ್ಣ ಹಲ್ಲುಗಳಿವೆ, ಬೆರಳಿಗೆ ತಿಳಿಯುತ್ತದೆ. ಕವಲಿನ ಎಲೆ ಉದುರುವ ಮೊದಲು ಕೆಂಪಗೂ ಆಗುತ್ತದೆ. ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಸೊಪ್ಪಿನವರು, ದನ ಮೇಯಿಸುವವರು, ನಾಟಿ ಔಷಧಿ ಕೊಡುವವರು. ಅವರ ಹತ್ತಿರ ಹೋಗಿ, ಹೆಸರನ್ನು ಕೇಳಬೇಡಿ. ಹೇಗೆ ಗೊತ್ತಾಯಿತು ಅಂತ ಕೇಳಿ. ಹೆಸರು ಮುಂದಿನ ಊರಿಗೆ ಬದಲಾಗುತ್ತದೆ, ಗುರುತು ಬದಲಾಗುವುದಿಲ್ಲ.

ಗೆಣ್ಣಿನಲ್ಲಿ ಏನು ನೋಡಬೇಕು

ಮೊದಲ ಪ್ರಶ್ನೆ ಒಂದೇ: ಒಂದು ಗೆಣ್ಣಿಗೆ ಎಷ್ಟು ಎಲೆ? ಒಂದೇ ಇದ್ದರೆ ಎಲೆಗಳು ಒಂದು ಆ ಕಡೆ, ಮುಂದಿನದು ಈ ಕಡೆ ಬರುತ್ತವೆ. ಹಲಸು, ಮಾವು, ಸಂಪಿಗೆ ಹೀಗೆ. ಎರಡಿದ್ದರೆ ಎದುರುಬದುರು ಕೂತಿರುತ್ತವೆ. ಕಾಫಿ, ಮುರುಗಲು, ನೇರಳೆ, ಎಕ್ಕ ಹೀಗೆ. ಮೂರೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಕೊಂಬೆಯ ಸುತ್ತ ಚಕ್ರ ಕಟ್ಟಿರುತ್ತವೆ. ಕಣಗಿಲೆ, ಮದ್ದಾಲೆ ಹೀಗೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಬೆಟ್ಟದ ಅರ್ಧಕ್ಕರ್ಧ ಗಿಡಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಕೊಂಬೆಯ ತುದಿಯಲ್ಲಿ ಎಲೆಗಳು ಒತ್ತೊತ್ತಾಗಿರುತ್ತವೆ, ಅಲ್ಲಿ ನೋಡಬೇಡಿ. ಸ್ವಲ್ಪ ಕೆಳಗೆ ಗೆಣ್ಣುಗಳು ದೂರ ದೂರ ಇರುವಲ್ಲಿ ನೋಡಿ.

ಎರಡನೆಯದು, ಆ ಗೆಣ್ಣಿನಲ್ಲಿ ಎಲೆ ಬಿಟ್ಟು ಮತ್ತೇನಿದೆ ಅಂತ. ಇಲ್ಲಿ ಲೆನ್ಸ್ ತೆಗೆಯಿರಿ. ಮನೆ ಹಿಂದಿನ ಕಾಫಿ ಗಿಡದ ಚಿಗುರು ಕೊಂಬೆ ಹಿಡಿದುಕೊಳ್ಳಿ. ಎರಡು ಎಲೆ ಎದುರುಬದುರು ಕೂತಿವೆ, ಅವುಗಳ ತೊಟ್ಟು ಕಾಣುತ್ತದೆ. ಕೊಂಬೆಯನ್ನು ಕಾಲು ಸುತ್ತು ತಿರುಗಿಸಿ. ಎರಡು ತೊಟ್ಟುಗಳ ನಡುವಿನ ಖಾಲಿ ಜಾಗದಲ್ಲಿ, ಕೊಂಬೆಗೆ ಅಂಟಿಕೊಂಡು, ಒಂದು ಪುಟ್ಟ ಮುಕ್ಕೋನದ ಚೂರು ಕಾಣುತ್ತದೆ. ಚೂಪು ತುದಿ ಮೇಲಕ್ಕೆ. ಇನ್ನೊಂದು ಬದಿಗೆ ತಿರುಗಿಸಿದರೆ ಅಲ್ಲೂ ಅಂಥದೇ ಒಂದು. ಇದಕ್ಕೆ ಸ್ಟಿಪ್ಯೂಲ್ ಅನ್ನುತ್ತಾರೆ. ಎಲೆಯ ಬುಡದಲ್ಲಿ ಬರುವ ಕಾವಲಿನ ಚೂರು. ಈಗ ಕೇಪಳದ ಕೊಂಬೆ ತಂದು ನೋಡಿ, ಅದೇ ಜಾಗದಲ್ಲಿ ಅದೇ ಮುಕ್ಕೋನ. ಕಾರೆ ಮುಳ್ಳಿನ ಗಿಡದಲ್ಲಿ ಹುಡುಕಿ, ಕದಂಬದ ಎಳೆ ಚಿಗುರಿನಲ್ಲಿ ಹುಡುಕಿ, ಅಲ್ಲೂ ಇದೆ. ಕಾಫಿಗೂ ಕದಂಬಕ್ಕೂ ದೂರದಿಂದ ನೋಡಿದರೆ ಏನು ಸಂಬಂಧ? ಆದರೆ ಎದುರುಬದುರು ಎಲೆ, ಹಲ್ಲಿಲ್ಲದ ಅಂಚು, ತೊಟ್ಟುಗಳ ನಡುವೆ ಸ್ಟಿಪ್ಯೂಲ್ ಇವು ಮೂರೂ ಒಟ್ಟಿಗೆ ಸಿಕ್ಕರೆ ಅದು ರೂಬಿಯೇಸಿ, ಅಂದರೆ ಕಾಫಿಯ ಕುಟುಂಬ. ಪಶ್ಚಿಮ ಘಟ್ಟದಲ್ಲಿ ಈ ಕುಟುಂಬದ ಗಿಡಗಳು ಹೆಜ್ಜೆಗೊಂದು ಸಿಗುತ್ತವೆ. ನನ್ನ ಮಟ್ಟಿಗೆ ಕಲಿಯುವವರ ಮೊದಲ ಪಾಠ ಇದೇ ಆಗಬೇಕು.

ಎರಡನೇ ಪಾಠಕ್ಕೆ ಹಲಸಿನ ಚಿಗುರು. ತುದಿಯ ಮೊಗ್ಗನ್ನು ಒಂದು ಟೊಪ್ಪಿ ಮುಚ್ಚಿರುತ್ತದೆ. ಅದೂ ಸ್ಟಿಪ್ಯೂಲೇ. ಎಲೆ ಬಿಚ್ಚಿಕೊಂಡಾಗ ಟೊಪ್ಪಿ ಉದುರುತ್ತದೆ, ಉದುರಿದ ಕಡೆ ಕೊಂಬೆಯ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಆಲ, ಅರಳಿ, ಅತ್ತಿ, ಹೆಬ್ಬಲಸು ಎಲ್ಲದರಲ್ಲೂ ಈ ಉಂಗುರ ಇದೆ, ತೊಟ್ಟು ಮುರಿದರೆ ಬಿಳಿ ಹಾಲೂ ಇದೆ. ಇದು ಮೊರೇಸಿ ಕುಟುಂಬ. ಈಗ ಸಂಪಿಗೆ ಮರಕ್ಕೆ ಹೋಗಿ. ಅಲ್ಲೂ ಉಂಗುರ ಇದೆ! ಆದರೆ ತೊಟ್ಟು ಮುರಿದರೆ ಹಾಲಿಲ್ಲ. ಅದು ಬೇರೆಯೇ ಕುಟುಂಬ. ರಂಜದ ಮರದಲ್ಲಿ ಹಾಲಿದೆ, ಉಂಗುರ ಇಲ್ಲ. ಅದು ಮೂರನೆಯದು, ಚಿಕ್ಕು ಹಣ್ಣಿನ ಕುಟುಂಬ. ಹೀಗೆ ಎರಡು ಗುರುತುಗಳನ್ನು ಕೂಡಿಸಿ ನೋಡುವುದೇ ಇಡೀ ವಿದ್ಯೆ. ಒಂದೇ ಗುರುತು ಹಿಡಿದುಕೊಂಡು ಹೆಸರು ಹೇಳುವವರನ್ನು ನಂಬಬೇಡಿ.

ಸೊನೆ, ವಾಸನೆ, ಬೆಳಕು

ಹಾಲಿನ ವಿಷಯ ಬಂತಲ್ಲ, ಅದನ್ನು ಪರೀಕ್ಷಿಸುವ ಕ್ರಮ ಹೇಳುತ್ತೇನೆ. ಮರದ ಕಾಂಡಕ್ಕೆ ಕತ್ತಿ ಹಾಕುವುದು ಬೇಡ. ಎಳೆ ಎಲೆಯ ತೊಟ್ಟು ಮುರಿದು, ಬಿಳಿ ಕಾಗದಕ್ಕೆ ಒತ್ತಿ, ಒಂದು ನಿಮಿಷ ಕಾಯಿರಿ. ಬಿಳಿ ಹಾಲು ಬಂದು ಎಲೆ ಎದುರುಬದುರು ಇದ್ದರೆ ಎಕ್ಕ, ನಂದಿಬಟ್ಟಲುಗಳ ಕುಟುಂಬ ಅಪೋಸೈನೇಸಿ ಅಂತ ಊಹಿಸಬಹುದು. ಎಲೆ ಎದುರುಬದುರು ಇದ್ದು ಸೊನೆ ಹಳದಿ ಇದ್ದರೆ ಮುರುಗಲು, ಉಪ್ಪಾಗೆಗಳ ಕುಟುಂಬ, ಕ್ಲೂಸಿಯೇಸಿ. ಸೊನೆ ಕೆಂಪಗಿದ್ದು, ಎಲೆ ಒಂದೊಂದಾಗಿ ಬಂದು, ಕೊಂಬೆಗಳು ಕಾಂಡದಿಂದ ನೇರ ಅಡ್ಡಕ್ಕೆ ಚಾಚಿದ್ದರೆ ರಾಮಪತ್ರೆಯ ಬಳಗ. ನಮ್ಮ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಈ ಬಳಗದ ಮರಗಳು ಕೆಸರಿನಿಂದ ಉಸಿರುಬೇರು ಎಬ್ಬಿಸಿಕೊಂಡು ನಿಂತಿರುವುದನ್ನು ನೋಡಬಹುದು. ಹೊನ್ನೆಯಲ್ಲೂ ಕಾಂಡಕ್ಕೆ ಗಾಯವಾದರೆ ಕೆಂಪು ಅಂಟು ಬರುತ್ತದೆ. ಆದರೆ ಹೊನ್ನೆಯ ಎಲೆ ಕಿರುಎಲೆಗಳಾಗಿ ಒಡೆದಿರುತ್ತದೆ, ಹಾಗಾಗಿ ಗೊಂದಲ ಇಲ್ಲ.

ಕಾಗದದ ಮೇಲಿನ ಕಲೆ ಸ್ವಲ್ಪ ಹೊತ್ತಿಗೆ ಕಪ್ಪಾಯಿತೋ, ಕೈ ದೂರ ಇಡಿ. ಹೊಲಗೇರು, ಕರಿಗೇರು ಜಾತಿಯ ಮರ ಅದು. ಮಾವಿನ ಕುಟುಂಬವೇ, ಆದರೆ ಸೊನೆ ತಾಗಿದರೆ ಕೆಲವರಿಗೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಹೊಲಗೇರಿಗೆ ಒಂದು ಒಳ್ಳೆ ಗುರುತು ಇದೆ: ಎಳೆ ಎಲೆಯ ತೊಟ್ಟಿನ ಮೇಲೆ ಎರಡೂ ಬದಿಗೆ ಒಂದೊಂದು ಸಣ್ಣ ಮೆತ್ತನೆಯ ಕೊಕ್ಕೆ. ಬಲಿತ ಮೇಲೆ ಅದು ಉದುರಿಹೋಗುತ್ತದೆ, ಗಾಯದ ಗುರುತು ಮಾತ್ರ ಉಳಿಯುತ್ತದೆ. ಈ ಮರವನ್ನು ಮೊದಲ ದಿನವೇ ಯಾರಿಂದಾದರೂ ತೋರಿಸಿಕೊಳ್ಳಿ. ಪರೀಕ್ಷೆ ಮಾಡಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ಯಾವ ಗಿಡದ ಹಾಲೇ ಆಗಲಿ. ಮತ್ತು ನಾಲಿಗೆಗೆ ಹಚ್ಚಿ ನೋಡುವ ಶೂರತನ ಬೇಡವೇ ಬೇಡ.

ವಾಸನೆಗೆ ಎಲೆ ಹಿಸುಕಿ ಮೂಸಿದರೆ ಆಯಿತು. ಅದಕ್ಕಿಂತ ಮಜಾ ಇರುವುದು ಬೆಳಕಿಗೆ ಹಿಡಿಯುವುದರಲ್ಲಿ. ನೇರಳೆ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಲೆನ್ಸಿನಲ್ಲಿ ನೋಡಿ. ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಎಣ್ಣೆ ತುಂಬಿದ ಚೀಲಗಳು ಅವು. ಪಕ್ಕದ ನರಗಳೆಲ್ಲ ಒತ್ತಾಗಿ ಹೊರಟು, ಅಂಚಿಗೆ ಮುಟ್ಟುವ ಮೊದಲೇ ಅಂಚಿನುದ್ದಕ್ಕೂ ಓಡುವ ಒಂದು ನರಕ್ಕೆ ಸೇರಿಕೊಳ್ಳುತ್ತವೆ. ಕರಿಬೇವು, ಬಿಲ್ವಪತ್ರೆ, ನಿಂಬೆಯಲ್ಲೂ ಚುಕ್ಕೆಗಳಿವೆ. ಆದರೆ ಅವುಗಳ ಎಲೆ ಒಂದೊಂದಾಗಿ ಬರುತ್ತದೆ. ನೇರಳೆಯದು ಎದುರುಬದುರು. ಮತ್ತೆ ಗೆಣ್ಣೇ ತೀರ್ಮಾನ ಹೇಳುತ್ತದೆ ನೋಡಿ.

ಕೊಂಬೆಯನ್ನು ಬೆರಳ ನಡುವೆ ಉರುಳಿಸಿಯೂ ನೋಡಿ. ತುಂಬೆ, ತುಳಸಿಯ ಕಾಂಡ ಉರುಳುವುದಿಲ್ಲ, ನಾಲ್ಕು ಮೂಲೆ ಇದೆ. ತೇಗದ ಎಳೆ ಕೊಂಬೆಗೂ ನಾಲ್ಕು ಮೂಲೆ. ಹಳೆಯ ಪುಸ್ತಕಗಳಲ್ಲಿ ತೇಗವನ್ನು ವರ್ಬಿನೇಸಿ ಕುಟುಂಬದಲ್ಲಿ ಇಟ್ಟಿದ್ದಾರೆ. ಈಗ ಡಿಎನ್‌ಎ ನೋಡಿ ತುಳಸಿಯ ಕುಟುಂಬಕ್ಕೇ ಸೇರಿಸಿದ್ದಾರೆ. ಜೊತೆಗೆ ಲಕ್ಕಿ, ಶಿವನೆಯನ್ನೂ ಸೇರಿಸಿದ್ದಾರೆ. ಎಕ್ಕ ಕೂಡ ಮೊದಲು ಬೇರೆ ಕುಟುಂಬದಲ್ಲಿತ್ತು, ಈಗ ಕಣಗಿಲೆಯ ಜೊತೆಗಿದೆ. ಹಳೆ ಪುಸ್ತಕ ಒಂದು ಹೇಳಿ ಹೊಸ ವೆಬ್‌ಸೈಟ್ ಇನ್ನೊಂದು ಹೇಳಿದರೆ ಗಾಬರಿಯಾಗಬೇಡಿ. ಗುರುತು ಬರೆದಿಟ್ಟುಕೊಳ್ಳಿ, ಕುಟುಂಬದ ಹೆಸರನ್ನು ಆಮೇಲೆ ತಿದ್ದಬಹುದು.

ಒಂದು ಎಲೆ ಎಲ್ಲಿಂದ ಎಲ್ಲಿವರೆಗೆ?

ಇದು ಎಲ್ಲರೂ ಎಡವುವ ಜಾಗ. ಬೇವಿನ ಒಂದು ಎಲೆ ಅಂದರೆ ಯಾವುದು? ಉದ್ದನೆಯ ಕಡ್ಡಿಗೆ ಅಂಟಿದ ಅಷ್ಟೂ ಚೂರು ಸೇರಿ ಒಂದು ಎಲೆ. ಗೊತ್ತಾಗುವುದು ಹೇಗೆ? ಎಲೆಯ ಬುಡದ ಮೇಲ್ಗಡೆ ಕಂಕುಳಲ್ಲಿ ಒಂದು ಮೊಗ್ಗು ಇರಬೇಕು. ಬೇವಿನ ಕಡ್ಡಿಯ ಬುಡದಲ್ಲಿ ಮೊಗ್ಗಿದೆ, ಚೂರುಗಳ ಬುಡದಲ್ಲಿ ಇಲ್ಲ. ಹಾಗಾಗಿ ಚೂರುಗಳು ಕಿರುಎಲೆ.

ಈಗ ಬೆಟ್ಟದ ನೆಲ್ಲಿ ನೋಡಿ. ನೋಡಲು ಥೇಟ್ ಕಿರುಎಲೆಗಳ ಸಾಲು. ಅದರ ಸಣ್ಣ ಕಡ್ಡಿಗಳು ಎಲೆಯ ಸಮೇತ ಉದುರಿಯೂ ಹೋಗುತ್ತವೆ. ಆದರೆ ಹೂ ಬಿಡುವ ಕಾಲದಲ್ಲಿ ಲೆನ್ಸ್ ಹಿಡಿದರೆ ಆ ಚೂರುಗಳ ಕಂಕುಳಲ್ಲೇ ಹಸಿರು ಹಳದಿಯ ಪುಟ್ಟ ಹೂಗಳು ಗೊಂಚಲಾಗಿ ಕೂತಿರುತ್ತವೆ. ಕಿರುಎಲೆಯ ಕಂಕುಳಲ್ಲಿ ಹೂ ಬರುವುದಿಲ್ಲ. ಅಂದರೆ ನೆಲ್ಲಿಯಲ್ಲಿ ಒಂದೊಂದು ಚೂರೂ ಒಂದೊಂದು ಎಲೆ, ಕಡ್ಡಿ ಅಂದುಕೊಂಡದ್ದು ಸಣ್ಣ ಕೊಂಬೆ. ಕೈತೋಟದ ನೆಲನೆಲ್ಲಿಯ ಎಲೆ ತಿರುವಿ ನೋಡಿ, ಕೆಳಗೆ ಕಾಯಿಗಳ ಸಾಲು. ಅದೂ ಇದೇ ಜಾತಿ.

ಒಂದು ಬಳಗ ಹಿಡಿದು ಪೂರ್ತಿ ಕಲಿಯಿರಿ

ಕುಟುಂಬದ ಮಟ್ಟ ತಲುಪಿದ ಮೇಲೆ ಒಂದು ಬಳಗವನ್ನು ಆರಿಸಿ ಒಳಗೆ ಇಳಿಯಬೇಕು. ನಾನು ಹೇಳುವುದು ಟರ್ಮಿನೇಲಿಯ. ಮತ್ತಿ, ಕಿಂದಾಲ, ಹೊಳೆಮತ್ತಿ, ತಾರೆ, ಅಳಲೆ ಐದೂ ಅದೇ. ತ್ರಿಫಲದಲ್ಲಿ ನೆಲ್ಲಿ ಬಿಟ್ಟರೆ ಉಳಿದ ಎರಡೂ ಈ ಬಳಗದವು.

ಮತ್ತಿಯ ಎಲೆ ಬೋರಲು ಹಾಕಿ, ನಡುನರದ ಬುಡದ ಹತ್ತಿರ ನೋಡಿ. ಎರಡು ಸಣ್ಣ ಗಂಟುಗಳು, ಲೆನ್ಸಿನಲ್ಲಿ ಪುಟ್ಟ ಬಟ್ಟಲಿನಂತೆ ಕಾಣುತ್ತವೆ. ಕಿಂದಾಲದಲ್ಲೂ ಎಲೆಯ ಬುಡದ ಹತ್ತಿರ ಗಂಟುಗಳಿವೆ. ಅಳಲೆಯಲ್ಲಿ ಅವು ತೊಟ್ಟಿನ ಮೇಲೆ ಇರುತ್ತವೆ. ಹಾಗಾದರೆ ಮತ್ತಿ ಮತ್ತು ಕಿಂದಾಲವನ್ನು ಬೇರೆ ಮಾಡುವುದು ಹೇಗೆ? ತೊಗಟೆ ನೋಡಿ. ಮತ್ತಿಯ ತೊಗಟೆ ಕಪ್ಪಗೆ, ಆಳವಾಗಿ ಚೌಕ ಚೌಕ ಒಡೆದು ಮೊಸಳೆ ಬೆನ್ನಿನ ಹಾಗಿರುತ್ತದೆ. ಕಿಂದಾಲದ್ದು ಕಂದು, ಬಿರುಕು ಉದ್ದುದ್ದ ಹೋಗುತ್ತದೆ, ಆಳ ಕಡಿಮೆ. ಹೊಳೆಮತ್ತಿ ಹೊಳೆ ಪಕ್ಕ ನಿಂತಿರುತ್ತದೆ, ತೊಗಟೆ ನುಣುಪು, ಬಿಳಿಚು, ಹಾಳೆ ಹಾಳೆಯಾಗಿ ಉದುರುತ್ತದೆ. ತೊಗಟೆಯಲ್ಲಿ ಇನ್ನೂ ಅನುಮಾನ ಇದ್ದರೆ ಬುಡದಲ್ಲಿ ಬಿದ್ದ ಕಾಯಿ ಹೆಕ್ಕಿ. ಮತ್ತಿಯ ಕಾಯಿಗೆ ಐದು ಅಗಲದ ರೆಕ್ಕೆ. ಹೊಳೆಮತ್ತಿಗೂ ಐದೇ, ಆದರೆ ಕಿರಿದು. ಕಿಂದಾಲಕ್ಕೆ ಒಂದು ದೊಡ್ಡ ರೆಕ್ಕೆ, ಎರಡು ಚಿಕ್ಕವು. ಮಳೆಗಾಲ ಮುಗಿಯುವ ಹೊತ್ತಿಗೆ ಕಿಂದಾಲದ ಮರವೆಲ್ಲ ತುಕ್ಕುಗೆಂಪು ಆಗುವುದು ಆ ಕಾಯಿಗಳಿಂದಲೇ. ತಾರೆ, ಅಳಲೆಗೆ ರೆಕ್ಕೆ ಇಲ್ಲ. ತಾರೆಯ ಎಲೆ ಕೊಂಬೆಯ ತುದಿಯಲ್ಲಿ ಗುಂಪಾಗಿ, ಒಂದೊಂದಾಗಿ ಬರುತ್ತದೆ. ಅಳಲೆಯದು ಹೆಚ್ಚುಕಡಿಮೆ ಎದುರುಬದುರು.

"ಹೆಚ್ಚುಕಡಿಮೆ" ಅಂದದ್ದು ಬೇಕೆಂದೇ. ಮತ್ತಿಯಲ್ಲೂ ಎರಡು ಎಲೆಗಳು ಪೂರ್ತಿ ಎದುರಿಗಿರುವುದಿಲ್ಲ, ಒಂದು ಸ್ವಲ್ಪ ಮೇಲೆ ಕೂತಿರುತ್ತದೆ. ಗಿಡಗಳು ಪುಸ್ತಕ ಓದಿ ಬೆಳೆದಿರುವುದಿಲ್ಲ, ಅಲ್ವಾ? ಹಾಗಾಗಿ ಒಂದೇ ಕೊಂಬೆ ನೋಡಿ ಬರೆಯಬೇಡಿ, ನಾಲ್ಕೈದು ನೋಡಿ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳಾಗಿ ಬರೆದುಕೊಳ್ಳಿ. ಕಾಯಿಗೆ ರೆಕ್ಕೆ ಇದೆಯೇ? ಇದ್ದರೆ, ಎಲ್ಲ ಒಂದೇ ಅಳತೆಯೇ? ಹೌದಾದರೆ ಮತ್ತಿ ಅಥವಾ ಹೊಳೆಮತ್ತಿ, ಅಲ್ಲದಿದ್ದರೆ ಕಿಂದಾಲ. ಪುಸ್ತಕಗಳಲ್ಲಿ ಇರುವ 'ಕೀ' ಅನ್ನುವುದು ಇದೇ. ಬೇರೆಯವರು ಬರೆದ ಕೀ ಬಳಸುವ ಮೊದಲು ನಿಮ್ಮ ಬೆಟ್ಟದ ಹತ್ತು ಮರಗಳಿಗೆ ನೀವೇ ಒಂದು ಬರೆಯಿರಿ. ಬರೆದು, ಗಿಡ ಗೊತ್ತಿಲ್ಲದ ಯಾರಾದರೂ ಹುಡುಗರ ಕೈಗೆ ಕೊಟ್ಟು ಬೆಟ್ಟಕ್ಕೆ ಕಳಿಸಿ. ಅವರು ಎಲ್ಲಿ ದಾರಿ ತಪ್ಪುತ್ತಾರೋ ಅಲ್ಲಿ ನಿಮ್ಮ ಪ್ರಶ್ನೆ ಸಡಿಲ ಇದೆ ಅಂತ ಅರ್ಥ.

ಪುಸ್ತಕ, ಆ್ಯಪ್, ಹೆಸರು

ಒಂದು ಪ್ರದೇಶದ ಗಿಡಗಳನ್ನೆಲ್ಲ ವಿವರಿಸುವ ಪುಸ್ತಕಕ್ಕೆ ಫ್ಲೋರಾ ಅನ್ನುತ್ತಾರೆ. ಯಾವ ಫ್ಲೋರಾ ಓದಬೇಕು ಅನ್ನುವುದು ನಿಮ್ಮ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ನಮ್ಮ ಗಿಡಗಳು ಕುಕ್ ಅವರ ಮುಂಬೈ ಫ್ಲೋರಾದಲ್ಲಿ (1901-1908) ಮತ್ತು ಅರಣ್ಯಾಧಿಕಾರಿ ಟಾಲ್ಬಟ್ ಅವರ ಎರಡು ಸಂಪುಟಗಳಲ್ಲಿ (1909, 1911) ಇವೆ. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಅವರಿಗೆ ಗ್ಯಾಂಬಲ್ ಅವರ ಮದ್ರಾಸ್ ಫ್ಲೋರಾ. ಹಾಸನದವರು ಅದೃಷ್ಟವಂತರು. ಸಲ್ಡಾನ ಮತ್ತು ನಿಕೋಲ್ಸನ್ ಸೇರಿ ಸಂಪಾದಿಸಿದ ಹಾಸನ ಜಿಲ್ಲೆಯ ಫ್ಲೋರಾ (1976) ಘಟ್ಟದ ಯಾವ ಜಿಲ್ಲೆಯವರಿಗೂ ಉಪಯೋಗಕ್ಕೆ ಬರುತ್ತದೆ. ಹಳೆಯವು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಭಾಷೆ ಕಷ್ಟ, ನಿಜ. ಆದರೆ ಬಳಸುವ ಶಬ್ದಗಳು ಸುಮಾರು ಇನ್ನೂರು, ಅವೇ ಮತ್ತೆ ಮತ್ತೆ ಬರುತ್ತವೆ.

ಹೂವಿಲ್ಲದೆ ಮರ ಗುರುತಿಸಲು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಪಾಸ್ಕಲ್ ಮತ್ತು ರಮೇಶ್ 1987ರಲ್ಲಿ ಮಾಡಿದ ಕೀ ಬಹಳ ಒಳ್ಳೆಯದು. ಘಟ್ಟದ ನಿತ್ಯಹಸಿರು ಕಾಡಿನ ಮರ, ಬಳ್ಳಿಗಳಿಗಾಗಿಯೇ ಮಾಡಿದ್ದು. ಎಲೆ, ಸೊನೆ, ಸ್ಟಿಪ್ಯೂಲ್ ಇಂಥವನ್ನೇ ಕೇಳುತ್ತ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಕರ್ನಾಟಕದ ಗಿಡಗಳನ್ನು ಡಿಜಿಟಲ್ ಫ್ಲೋರಾ ಆಗಿ ಹಾಕಿದೆ, ಊಹೆ ಸರಿಯೇ ಅಂತ ತಾಳೆ ನೋಡಲು ಅದು ಸಾಕು.

ಆ್ಯಪ್‌ಗಳ ಬಗ್ಗೆ ನನಗೆ ಮಡಿ ಮೈಲಿಗೆ ಇಲ್ಲ. ಆದರೆ ನೀವು ಕುಟುಂಬ ಊಹಿಸಿದ ಮೇಲೆ ಕೇಳಿ, ಮೊದಲೇ ಕೇಳಬೇಡಿ. ಅದು ನಿಮ್ಮ ಕುಟುಂಬದೊಳಗಿನ ಹೆಸರು ಹೇಳಿದರೆ ಮುಂದುವರಿಯಿರಿ. ಬೇರೆ ಹೇಳಿದರೆ ಇಬ್ಬರಲ್ಲಿ ಒಬ್ಬರು ತಪ್ಪು, ಯಾರು ಅಂತ ಗೆಣ್ಣಿಗೆ ಹೋಗಿ ನೋಡಿ. ಫೋಟೋ ಹಾಕುವಾಗ ಎಲೆಯ ಮೇಲ್ಭಾಗ, ಕೆಳಭಾಗ, ಗೆಣ್ಣು, ತೊಗಟೆ, ಪೂರ್ತಿ ಗಿಡ ಇಷ್ಟೂ ಇರಲಿ. ಹೂವಿದ್ದರೆ ಹಿಂಬದಿಯಿಂದಲೂ ತೆಗೆಯಿರಿ, ಪುಷ್ಪಪಾತ್ರೆ (ಎಸಳುಗಳ ಬುಡದ ಹೊರಸುತ್ತು) ಕಾಣಬೇಕು. ಪಕ್ಕಕ್ಕೆ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ.

ವೈಜ್ಞಾನಿಕ ಹೆಸರು ಬೇಕೇ ಅಂತ ಕೇಳುತ್ತಾರೆ. ಬೇಕು. ಬೆಟ್ಟದಲ್ಲಿ ಹೊನ್ನೆ ಅಂದರೆ ಒಂದು ಮರ, ಕರಾವಳಿಯಲ್ಲಿ ಎಣ್ಣೆ ತೆಗೆಯುವ ಹೊನ್ನೆ ಇನ್ನೊಂದು. ಆದರೆ ಆ ಹೆಸರುಗಳೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮತ್ತಿಯೊಂದಕ್ಕೇ ಟೊಮೆಂಟೋಸ, ಅಲಾಟ, ಕ್ರೆನುಲಾಟ, ಇಲಿಪ್ಟಿಕ ಅಂತ ನಾಲ್ಕು ಹೆಸರು ಪುಸ್ತಕಗಳಲ್ಲಿ ಸಿಗುತ್ತವೆ. ಇಂಗ್ಲೆಂಡಿನ ಕ್ಯೂ ಉದ್ಯಾನದವರ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್' ತೆರೆದು ಹಳೆ ಹೆಸರು ಹಾಕಿದರೆ ಈಗ ಯಾವುದು ಚಾಲ್ತಿಯಲ್ಲಿದೆ ಅಂತ ತೋರಿಸುತ್ತದೆ.

ಒಣಗಿಸಿ ಇಡುವುದು

ಗೊತ್ತಾಗದ ಗಿಡದ ಒಂದು ಕೊಂಬೆ ಒಣಗಿಸಿ ಇಟ್ಟುಕೊಂಡರೆ ಎಷ್ಟು ವರ್ಷದ ಮೇಲಾದರೂ ನೋಡಬಹುದು. ನಿಮ್ಮ ಜಮೀನು, ಬೆಟ್ಟದಿಂದ ಮಾತ್ರ ತನ್ನಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಎಲೆಯನ್ನೂ ಕೀಳುವಂತಿಲ್ಲ. ಬೇರು ಸಮೇತ ಕೀಳುವ ಸಣ್ಣ ಗಿಡವಾದರೆ, ಅಲ್ಲಿ ಅಂಥವು ಬೇಕಾದಷ್ಟು ಇದ್ದರೆ ಮಾತ್ರ.

ಎರಡು ಗೆಣ್ಣಾದರೂ ಇರುವ ಕೊಂಬೆಯನ್ನು ಪೇಪರಿನ ನಡುವೆ ಹರಡಿ. ಒಂದು ಎಲೆಯನ್ನಾದರೂ ಬೋರಲು ಮಾಡಿ, ಕೆಳಭಾಗ ಕಾಣುತ್ತಿರಲಿ. ಮೇಲೆ ಕೆಳಗೆ ಹಲಗೆ ಇಟ್ಟು ಭಾರ ಹೇರಿ. ಪೇಪರನ್ನು ಮೊದಲ ವಾರ ದಿನಾ ಬದಲಿಸಬೇಕು. ಮಲೆನಾಡಿನ ಆಷಾಢದಲ್ಲಿ ಇದೆಲ್ಲ ಮಾಡಿಯೂ ಬೂಷ್ಟು ಬರುತ್ತದೆ. ಅದಕ್ಕೆ ನಮ್ಮ ಉಪಾಯ ಬಚ್ಚಲ ಒಲೆಯ ಮೇಲಿನ ಅಟ್ಟ. ಹಪ್ಪಳ, ಬೀಜದ ಸವತೆಕಾಯಿ ಇಡುವ ಜಾಗ. ಮನೆಯವರ ಗೊಣಗಾಟ ಕೇಳಿಸಿಕೊಂಡರೆ ಆಯಿತು, ಎಲೆ ಗರಿಗರಿಯಾಗಿ ಒಣಗುತ್ತದೆ.

ಚೀಟಿಯಲ್ಲಿ ದಿನಾಂಕ, ಜಾಗ, ಮರವೋ ಪೊದೆಯೋ ಬಳ್ಳಿಯೋ, ಸೊನೆಯ ಬಣ್ಣ, ಹೂವಿನ ಬಣ್ಣ, ವಾಸನೆ, ಊರಿನ ಹೆಸರು ಬರೆಯಿರಿ. ಒಣಗಿದ ಮೇಲೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಹೆಸರು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಬರೆದು ಒಂದು ನಂಬರ್ ಕೊಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರಿಗೆ ತೋರಿಸುವಾಗ ಇಂಥ ಚೀಟಿ ಇದ್ದರೆ ಅವರೂ ಖುಷಿಯಿಂದ ನೋಡುತ್ತಾರೆ.

ಇಲ್ಲಿಯದೋ, ಹೊರಗಿನದೋ

ಗುರುತಿಸಿದ ಮೇಲೆ ಒಂದು ಪ್ರಶ್ನೆ ಬಾಕಿ ಇರುತ್ತದೆ: ಇದು ನಮ್ಮ ನೆಲದ್ದೇ? ಲಂಟಾನ, ಕಾಂಗ್ರೆಸ್ ಗಿಡ, ಕಮ್ಯುನಿಸ್ಟ್ ಗಿಡ ಹೊರಗಿನವು ಅಂತ ಎಲ್ಲರಿಗೂ ಗೊತ್ತು. ನಾಚಿಕೆ ಮುಳ್ಳು ಹೊರಗಿನದು ಅಂದರೆ ಯಾರೂ ನಂಬುವುದಿಲ್ಲ. ಅದೂ ಅಮೆರಿಕ ಖಂಡದ್ದೇ. ತೋಟದ ಗೋಡಂಬಿ ಬ್ರೆಜಿಲ್ ಕಡೆಯದು, ಪೋರ್ಚುಗೀಸರ ಜೊತೆ ಬಂದದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು. ಅದರಲ್ಲಿ ಎಲೆ ಅನ್ನುವುದು ನಿಜವಾದ ಎಲೆಯೂ ಅಲ್ಲ, ಅಗಲವಾದ ತೊಟ್ಟು. ಬೀಜದಿಂದ ಈಗಷ್ಟೇ ಎದ್ದ ಸಸಿಯಲ್ಲಿ ನಿಜವಾದ ಕಿರುಎಲೆಗಳು ಕಾಣುತ್ತವೆ, ಹುಡುಕಿ ನೋಡಿ. ಕನ್ನಡದ ಹೆಸರಿದೆ, ದೇವರಿಗೆ ಏರಿಸುತ್ತೇವೆ ಅನ್ನುವುದು ಊರಿನ ಗಿಡ ಅನ್ನಲು ಸಾಕ್ಷಿ ಅಲ್ಲ. ಫ್ಲೋರಾದಲ್ಲಿ ಮೂಲ ಎಲ್ಲಿಯದು ಅಂತ ಬರೆದಿರುತ್ತಾರೆ, ಅದನ್ನು ನೋಡಿ.

ತಪ್ಪಿದರೆ ಜೀವಕ್ಕೇ ಕುತ್ತು

ದಕ್ಷಿಣ ಕನ್ನಡ, ಉಡುಪಿ ಕಡೆ ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ನಾವು ಮದ್ದಾಲೆ ಅನ್ನುವ ಮರ ಅದೇ. ತೊಗಟೆಯನ್ನು ಬೆಳಗಾಗುವ ಮೊದಲು, ಕತ್ತಲಲ್ಲಿ, ಕಲ್ಲಿನಿಂದ ಜಜ್ಜಿ ತರುವುದು ಕ್ರಮ. ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇರುತ್ತದೆ. ಅದರಲ್ಲಿ ಸ್ಟ್ರಿಕ್ನಿನ್ ಇದೆ, ಪ್ರಾಣ ತೆಗೆಯುವ ವಿಷ.

ಎರಡನ್ನೂ ಬೇರೆ ಮಾಡುವುದು ನಮಗೆ ಈಗ ಕಷ್ಟ ಅಲ್ಲ. ಮದ್ದಾಲೆಯ ಗೆಣ್ಣಿಗೆ ನಾಲ್ಕರಿಂದ ಏಳು ಎಲೆ ಚಕ್ರವಾಗಿ ಕೂತಿರುತ್ತವೆ, ಪಕ್ಕದ ನರಗಳು ಒತ್ತೊತ್ತಾಗಿ ಅಂಚಿನ ಕಡೆ ಹೋಗುತ್ತವೆ, ಮುರಿದರೆ ಹಾಲು ಸುರಿಯುತ್ತದೆ. ಕಾಸರಕನ ಗೆಣ್ಣಿಗೆ ಎರಡೇ ಎಲೆ, ಎಲೆಯ ಬುಡದಿಂದಲೇ ಮೂರೋ ಐದೋ ದಪ್ಪ ನರಗಳು ಉದ್ದಕ್ಕೆ ಓಡುತ್ತವೆ, ಹಾಲಿಲ್ಲ, ಕಾಯಿ ಹಣ್ಣಾದರೆ ಕಿತ್ತಳೆ ಬಣ್ಣದ ಚೆಂಡು. ಹಿಂದಿನ ದಿನ ಹಗಲಲ್ಲೇ ಹೋಗಿ ಮೂರೂ ಗುರುತು ನೋಡಿ ಮರಕ್ಕೆ ದಾರ ಕಟ್ಟಿ ಬರಬೇಕು. ತೊಗಟೆ ನೋಡಿ ಊಹಿಸುವುದು, ಯಾರೋ ತಂದುಕೊಟ್ಟ ಕಷಾಯ ಕುಡಿಯುವುದು ಬೇಡ. ಯಾವ ಕಾಡುಸೊಪ್ಪಿಗೂ, ತಂಬುಳಿಗೆ ತರುವ ಕುಡಿಗೂ ಇದೇ ಮಾತು. ತಿನ್ನುವ ಗಿಡಕ್ಕೆ ಒಂದೇ ಗುರುತು ಸಾಲದು, ಫೋಟೋ ಸಾಲದು, ಆ್ಯಪ್ ಅಂತೂ ಸಾಲುವುದೇ ಇಲ್ಲ.

ಮಳೆಗಾಲದ ಸಣ್ಣವು

ಮರಗಳು ಕೈಗೆ ಬಂದ ಮೇಲೆ ಕೆಳಗೆ ನೋಡಿ. ಜರಿಗಿಡಗಳಿಗೆ ಹೂವೇ ಇಲ್ಲ, ಆದರೆ ಮರಗಳ ಹಾಗೆ ಒಳಗೆ ನೀರು ಸಾಗಿಸುವ ಕೊಳವೆಗಳಿವೆ, ಆದ್ದರಿಂದ ನಮ್ಮ ಪಟ್ಟಿಗೆ ಸೇರುತ್ತವೆ. ಕಲ್ಲಿನ ಮೇಲಿನ ಹಾವಸೆಗೆ ಅಂಥ ಕೊಳವೆ ಇಲ್ಲ, ಅದನ್ನು ಬಿಡಿ. ಜರಿಯ ಎಲೆಯ ಹಿಂದೆ ಕಂದು ಚುಕ್ಕೆಗಳಿದ್ದರೆ ಹುಳ ಅಂದುಕೊಳ್ಳಬೇಡಿ, ಅವು ಬೀಜಕಣದ ಗುಂಪುಗಳು. ಚುಕ್ಕೆ ದುಂಡಗಿದೆಯೋ ಗೆರೆಯಾಗಿದೆಯೋ, ಅಂಚಿನಲ್ಲಿದೆಯೋ ನಡುವಿನಲ್ಲಿದೆಯೋ ಅನ್ನುವುದರಿಂದಲೇ ಅವುಗಳ ವಿಂಗಡಣೆ.

ಮರದ ಕವಲುಗಳಲ್ಲಿ ಮೇ, ಜೂನಿನಲ್ಲಿ ಸೀತಾಳೆ ದಂಡೆ ತೂಗುತ್ತದೆ. ಆಮೇಲೆ ಅಲ್ಲೇ ಮರಕೆಸು ಎದ್ದು ಪತ್ರೊಡೆಗೆ ಬರುತ್ತದೆ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಅಗ್ನಿಶಿಖೆ. ಅದರ ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದುಕೊಳ್ಳುತ್ತದೆ. ಗಡ್ಡೆ ಕಡು ವಿಷ.

ಹುಲ್ಲುಗಳನ್ನು ಮೊದಲ ವರ್ಷ ಮುಟ್ಟಬೇಡಿ. ಹೂವು ಅಕ್ಕಿಕಾಳಿಗಿಂತ ಚಿಕ್ಕದು, ತಾಳ್ಮೆ ಬೇಕು. ಜೇಕನ್ನು ಹುಲ್ಲಿನಿಂದ ಬೇರೆ ಮಾಡುವುದನ್ನಾದರೂ ಕಲಿತಿರಿ. ಗದ್ದೆ ಬದುವಿನಲ್ಲಿ ಒಂದು ಕಡ್ಡಿ ಕಿತ್ತು ಬೆರಳಲ್ಲಿ ಉರುಳಿಸಿ. ಹುಲ್ಲಿನ ಕಡ್ಡಿ ದುಂಡಗೆ ಉರುಳುತ್ತದೆ, ಗೆಣ್ಣು ಕೈಗೆ ಸಿಗುತ್ತದೆ, ಹೆಚ್ಚಾಗಿ ಒಳಗೆ ಪೊಳ್ಳು. ಜೇಕಿನದು ಮೂರು ಮೂಲೆ, ಒಳಗೆ ಗಟ್ಟಿ, ಬುಡದಿಂದ ಹೂವಿನವರೆಗೆ ಎಲ್ಲೂ ಗೆಣ್ಣು ಸಿಗುವುದಿಲ್ಲ.